ಸ್ಪೇಸ್‌ಬಾರ್ ಒತ್ತುವ ಮುಂಚೆ: ಎಎಸ್‌ಎಲ್‌ವಿ ಎರಡು ಸಲ ಬಿದ್ದ ಕತೆ

ಈ ಸಲದ ಮಾತು ಒಂದು ಕಂಪ್ಯೂಟರ್ ಗೇಮ್‌ನಿಂದ ಶುರುವಾಗಿ ಶ್ರೀಹರಿಕೋಟಕ್ಕೆ ಹೋಗುತ್ತೆ. ವಿಡಿಯೊದಲ್ಲಿ ಕೆಲವು ಕಡೆ ಅವಸರ ಮಾಡಿದ್ದೆ, ಬರಹದಲ್ಲಿ ಅದನ್ನ ಬಿಡಿಸಿ ಹೇಳಿದ್ದೀನಿ. ಕ್ಯಾಬ್‌ನಲ್ಲಿ ಕೂತು ಓದೋರು ನಿಧಾನಕ್ಕೆ ಓದಿ. ಓಎಂಆರ್ ಟ್ರಾಫಿಕ್ಕಲ್ಲಿ ಹೇಗೂ ಟೈಮ್ ಸಿಗುತ್ತೆ.

ನಾವಿರೋದು ಚೆನ್ನೈನ ಶೋಲಿಂಗನಲ್ಲೂರಿನಲ್ಲಿ. ಮಗಳು ಆಗ ಏಳನೇ ಕ್ಲಾಸು. ಬೇಸಿಗೆ ರಜದಲ್ಲಿ ಅವಳಿಗೆ ಕರ್ಬಲ್ ಸ್ಪೇಸ್ ಪ್ರೋಗ್ರಾಂ ಅನ್ನೋ ಆಟದ ಹುಚ್ಚು ಹಿಡಿಯಿತು. ಮೆಕ್ಸಿಕೊ ಸಿಟಿಯ ಸ್ಕ್ವಾಡ್ ಅನ್ನೋ ಕಂಪನಿ 2011ರಲ್ಲಿ ಹೊರತಂದ ಆಟ ಅದು. ಹಸಿರು ಮುಖದ ಪುಟ್ಟ ಗಗನಯಾತ್ರಿಗಳು, ನೋಡೋಕೆ ತಮಾಷೆ. ಆದರೆ ಒಳಗಿರೋ ಭೌತಶಾಸ್ತ್ರ ತಮಾಷೆಯದಲ್ಲ. ಟ್ಯಾಂಕು, ಇಂಜಿನ್, ಬೂಸ್ಟರ್ ಎಲ್ಲ ನೀವೇ ಜೋಡಿಸಬೇಕು. ಯಾವುದು ಯಾವಾಗ ಹೊತ್ತಬೇಕು, ಯಾವುದು ಯಾವಾಗ ಕಳಚಬೇಕು ಅನ್ನೋ ಪಟ್ಟಿಯನ್ನೂ ನೀವೇ ಮಾಡಬೇಕು. ಅದಕ್ಕೆ ಸ್ಟೇಜಿಂಗ್ ಅಂತಾರೆ. ಪರದೆಯ ಒಂದು ಬದಿಯಲ್ಲಿ ಆ ಪಟ್ಟಿ ನಿಂತಿರುತ್ತೆ. ಸ್ಪೇಸ್‌ಬಾರ್ ಒಂದು ಸಲ ಒತ್ತಿದರೆ ಒಂದು ಹಂತ ಆಯ್ತು, ಇನ್ನೊಂದು ಸಲ ಒತ್ತಿದರೆ ಮುಂದಿನ ಹಂತ.

ಆಡಿದವರಿಗೆಲ್ಲ ಗೊತ್ತು, ಮೊದಲ ವಾರ ಪೂರ್ತಿ ಈ ಪಟ್ಟಿಯ ಜೊತೆ ಜಗಳ. ಮಗಳ ಮೊದಲ ರಾಕೆಟ್ಟಿನಲ್ಲಿ ಪ್ಯಾರಾಚೂಟು ಮತ್ತು ಕೆಳಗಿನ ಇಂಜಿನ್ ಒಂದೇ ಹಂತದಲ್ಲಿ ಬಂದು ಕೂತಿದ್ದವು. ರಾಕೆಟ್ ಮೇಲೇಳುತ್ತಿದ್ದ ಹಾಗೆ ಪ್ಯಾರಾಚೂಟೂ ಬಿಚ್ಚಿಕೊಂಡು ಹರಿದುಹೋಯಿತು. ಎರಡನೇದರಲ್ಲಿ ಬೇರ್ಪಡಿಸುವ ಬಳೆ, ಅಂದರೆ ಡಿಕಪ್ಲರ್, ತಲೆಕೆಳಗಾಗಿ ಕೂತು ಕಳಚಬೇಕಾದ ಕಡೆ ಕಳಚದೆ ಮೇಲಿನ ಹಂತಕ್ಕೇ ಅಂಟಿಕೊಂಡು ಉಳಿಯಿತು. ಮೂರನೇದರಲ್ಲಿ ಮೇಲಿನ ಇಂಜಿನ್ ಮೊದಲು ಹೊತ್ತಿ, ಕೆಳಗಿನ ಟ್ಯಾಂಕು ಆಮೇಲೆ ಕಳಚಿತು. ಇವೆಲ್ಲ ಪಟ್ಟಿಯನ್ನ ಕೆಳಗಿನಿಂದ ಮೇಲಕ್ಕೆ ಬೆರಳಿಟ್ಟು ಓದಿದರೆ ಸಿಕ್ಕಿಬೀಳೋ ತಪ್ಪುಗಳು. ನಾವು ಕೋಡ್ ರಿವ್ಯೂ ಮಾಡ್ತೀವಲ್ಲ, ಹಾಗೆ.

ನಾಲ್ಕನೇದು ಹಾಗಿರಲಿಲ್ಲ. ಪಟ್ಟಿ ಸರಿ ಇತ್ತು. ಪಕ್ಕದಲ್ಲಿ ಎರಡು ಘನ ಇಂಧನದ ಬೂಸ್ಟರ್, ನಡುವೆ ಒಂದು ಇಂಜಿನ್. ಬೂಸ್ಟರು ಉರಿದು ಮುಗಿದ ಮೇಲೆ ಒಂದು ಒತ್ತಿಗೆ ಅವು ಕಳಚಬೇಕು, ಇನ್ನೊಂದು ಒತ್ತಿಗೆ ನಡುವಿನ ಇಂಜಿನ್ ಹೊತ್ತಬೇಕು. ಅವಳು ನನ್ನ ಫೋನಿನಲ್ಲಿ ಸ್ಟಾಪ್‌ವಾಚ್ ಇಟ್ಟುಕೊಂಡು ಲೆಕ್ಕ ಹಾಕಿ ಒತ್ತುತ್ತಿದ್ದಳು. ಪ್ರತಿ ಸಲವೂ ಬೂಸ್ಟರು ಹೋಗುತ್ತಿತ್ತು, ಒಂದೆರಡು ಸೆಕೆಂಡು ರಾಕೆಟ್ ಸುಮ್ಮನೆ ತೇಲುತ್ತಿತ್ತು, ಮೂತಿ ಒಂದು ಕಡೆ ವಾಲುತ್ತಿತ್ತು. ಇಂಜಿನ್ ಹೊತ್ತುವಷ್ಟರಲ್ಲಿ ರಾಕೆಟ್ಟೇ ಅಡ್ಡ ತಿರುಗಿ ಮುರಿದುಬೀಳುತ್ತಿತ್ತು.

"ಅಪ್ಪಾ, ನೀನು ಇಂಜಿನಿಯರ್ ಅಲ್ವಾ? ನೋಡು ಸ್ವಲ್ಪ."

ನೋಡಿದೆ. ನೋಡ್ತಾ ನೋಡ್ತಾ ನನಗೆ 1988 ನೆನಪಾಯಿತು. ನೆನಪು ಅಂದರೆ ಓದಿದ ನೆನಪು. ಆಗ ನಾನು ಹಾಸನದಲ್ಲಿ ಚಿಕ್ಕ ಹುಡುಗ. ನಮಗೆ ಇಸ್ರೋ ಅಂದ್ರೆ ಸಾಲಗಾಮೆ ರಸ್ತೆಯ ಎಂಸಿಎಫ್‌ನ ಆ ದೊಡ್ಡ ಆಂಟೆನಾಗಳು ಅಷ್ಟೇ. ರಾಕೆಟ್ಟು ಎಲ್ಲೋ ಮದರಾಸಿನ ಆಚೆ ಹಾರುತ್ತೆ ಅಂತ ಕೇಳಿದ್ದೆವು. ಆ ವರ್ಷ ಶ್ರೀಹರಿಕೋಟದಿಂದ ಎದ್ದ ಎಎಸ್‌ಎಲ್‌ವಿಯ ಎರಡನೇ ರಾಕೆಟ್ಟು ಬಿದ್ದ ರೀತಿಗೂ ನನ್ನ ಮಗಳ ನಾಲ್ಕನೇ ರಾಕೆಟ್ಟು ಬಿದ್ದ ರೀತಿಗೂ ಹೆಚ್ಚು ವ್ಯತ್ಯಾಸ ಇಲ್ಲ.

ಇಸ್ರೋ ಬಗ್ಗೆ ನಮಗೆ ವಾಟ್ಸಾಪಿನಲ್ಲಿ ಬರೋ ಕತೆ ಯಾವಾಗಲೂ ಒಂದೇ. 1979ರ ಆಗಸ್ಟ್ 10, ಎಸ್‌ಎಲ್‌ವಿ-3 ಬಿತ್ತು, ಸತೀಶ್ ಧವನ್ ತಾವೇ ಪತ್ರಕರ್ತರ ಮುಂದೆ ಹೋಗಿ ಸೋಲನ್ನ ತಮ್ಮ ಮೇಲೆ ಹಾಕಿಕೊಂಡರು. 1980ರ ಜುಲೈ 18ಕ್ಕೆ ಗೆದ್ದಾಗ ಕಲಾಂ ಅವರನ್ನ ಮುಂದೆ ಬಿಟ್ಟರು. ಒಳ್ಳೆಯ ಕತೆ, ನಿಜವಾದ ಕತೆ. ಅದನ್ನ ಇಲ್ಲಿ ಮತ್ತೆ ಹೇಳಲ್ಲ. ಅದರ ನಂತರದ ಹದಿನಾಲ್ಕು ವರ್ಷದ ಕತೆಯನ್ನ ಯಾರೂ ಫಾರ್ವರ್ಡ್ ಮಾಡಲ್ಲ. ಆ ವರ್ಷಗಳಲ್ಲಿ ಹೆಚ್ಚು ಕಾಲ ಇಸ್ರೋದ ಅಧ್ಯಕ್ಷರಾಗಿದ್ದವರು ನಮ್ಮ ಉಡುಪಿಯ ಅದಮಾರಿನವರು.

ಉಡುಪಿ ರಾಮಚಂದ್ರ ರಾವ್, 1932ರಲ್ಲಿ ಹುಟ್ಟಿದವರು. ಆಗ ಉಡುಪಿ ಮದರಾಸು ಪ್ರಾಂತ್ಯದಲ್ಲೇ ಇತ್ತು. ಹಾಗಾಗಿ ಚೆನ್ನೈ ಕನ್ನಡಿಗರು ಬೇಕಾದರೆ ಅವರ ಮೇಲೆ ಸ್ವಲ್ಪ ಹಕ್ಕು ಸಾಧಿಸಬಹುದು! ಪೀಣ್ಯದ ಶೆಡ್ಡುಗಳಲ್ಲಿ ಆರ್ಯಭಟ ಉಪಗ್ರಹ ಕಟ್ಟಿದ ತಂಡದ ಮುಂದಾಳು ಅವರು. 1975ರಲ್ಲಿ ಅದು ಸೋವಿಯತ್ ರಾಕೆಟ್ಟಿನಲ್ಲಿ ಮೇಲೆ ಹೋಯಿತು. 1984ರಲ್ಲಿ ರಾವ್ ಇಸ್ರೋ ಅಧ್ಯಕ್ಷರಾದರು. ಅಂದರೆ ಉಪಗ್ರಹದ ಮನುಷ್ಯ ಬಂದು ರಾಕೆಟ್ಟಿನ ತಲೆನೋವು ಹೊತ್ತುಕೊಂಡರು.

ಆ ತಲೆನೋವಿನ ಹೆಸರು ಎಎಸ್‌ಎಲ್‌ವಿ.

ಎಸ್‌ಎಲ್‌ವಿ-3 ನಾಲ್ಕು ಹಂತದ, 17 ಟನ್ ತೂಕದ ರಾಕೆಟ್. ಹೊತ್ತೊಯ್ಯುತ್ತಿದ್ದದ್ದು 40 ಕಿಲೋ, ಒಂದು ಸಿಮೆಂಟ್ ಮೂಟೆಗಿಂತಲೂ ಸ್ವಲ್ಪ ಕಡಿಮೆ. ಅದನ್ನ 150 ಕಿಲೋಗೆ ಏರಿಸಬೇಕು, ಆದರೆ ಹೊಸ ದೊಡ್ಡ ಮೋಟಾರು ಮಾಡೋಕೆ ಹಣವೂ ಇಲ್ಲ, ಸಮಯವೂ ಇಲ್ಲ. ಏನು ಮಾಡಿದರು? ಎಸ್‌ಎಲ್‌ವಿಯ ಮೊದಲ ಹಂತದ ಮೋಟಾರನ್ನೇ ಇನ್ನೂ ಎರಡು ಮಾಡಿ ಪಕ್ಕಕ್ಕೆ ಕಟ್ಟಿದರು. ನಮ್ಮ ಕಡೆ ಮನೆ ಸಾಲದಿದ್ದರೆ ಪಕ್ಕಕ್ಕೆ ಇನ್ನೊಂದು ಕೋಣೆ ಇಳಿಸ್ತಾರಲ್ಲ, ಹಾಗೆ. ಸುಮಾರು 40 ಟನ್ನಿನ ರಾಕೆಟ್ ಆಯಿತು. ನೆಲದಿಂದ ಏಳುವಾಗ ಪಕ್ಕದ ಎರಡು ಬೂಸ್ಟರ್ ಮಾತ್ರ ಹೊತ್ತುತ್ತವೆ. ಅವು ಉರಿದು ಮುಗಿದ ಮೇಲೆ, ಗಾಳಿಯಲ್ಲಿ, ನಡುವಿನ ಮೋಟಾರು ಹೊತ್ತಬೇಕು. ಮಗಳ ರಾಕೆಟ್ಟಿನದೇ ನಕ್ಷೆ.

1987ರ ಮಾರ್ಚ್ 24ಕ್ಕೆ ಮೊದಲ ಎಎಸ್‌ಎಲ್‌ವಿ ಎದ್ದಿತು. ಬೂಸ್ಟರುಗಳು ಚೆನ್ನಾಗಿ ಉರಿದವು, ಮುಗಿದವು. ನಡುವಿನ ಮೋಟಾರು ಹೊತ್ತಲೇ ಇಲ್ಲ. ರಾಕೆಟ್ಟು ಬಂಗಾಳ ಕೊಲ್ಲಿಗೆ ಬಿತ್ತು.

ಇಲ್ಲಿ ಒಂದು ನಿಮಿಷ ರಷ್ಯಾಕ್ಕೆ ಹೋಗಿಬರೋಣ. ಸ್ಪುಟ್ನಿಕ್ ಹಾರಿಸಿದ ಆರ್-7 ರಾಕೆಟ್ಟನ್ನ ಕಟ್ಟುವಾಗ ಕೊರೊಲೆವ್ ಅವರಿಗೂ ಇದೇ ಭಯ ಇತ್ತು. ಮೇಲೆ ಹೋಗಿ ಹೊತ್ತುತ್ತೋ ಇಲ್ಲವೋ? ಅವರು ಮಾಡಿದ ಉಪಾಯ ಸರಳ. ಪಕ್ಕದ ನಾಲ್ಕು ಬೂಸ್ಟರನ್ನೂ ನಡುವಿನದನ್ನೂ ನೆಲದ ಮೇಲೇ ಒಟ್ಟಿಗೆ ಹೊತ್ತಿಸಿಬಿಟ್ಟರು. ಹೊತ್ತಿತೋ ಇಲ್ಲವೋ ಅಂತ ಕಣ್ಣಾರೆ ನೋಡಿದ ಮೇಲೇ ರಾಕೆಟ್ ಮೇಲೇಳೋದು. ಎಎಸ್‌ಎಲ್‌ವಿಗೆ ಆ ದಾರಿ ಸರಿಹೊಂದುತ್ತಿರಲಿಲ್ಲ. ಇರೋ ಮೂರೂ ಒಂದೇ ಅಳತೆಯ ಘನ ಇಂಧನದ ಮೋಟಾರು. ಮೂರನ್ನೂ ಒಟ್ಟಿಗೆ ಹೊತ್ತಿಸಿದರೆ ದಟ್ಟ ಗಾಳಿ ಇರುವ ಎತ್ತರದಲ್ಲೇ ವಿಪರೀತ ವೇಗ, ಆಮೇಲೆ ಮೂರೂ ಒಟ್ಟಿಗೆ ಖಾಲಿ. ಹಾಗಾಗಿ ಗಾಳಿಯಲ್ಲಿ ಹೊತ್ತಿಸೋದನ್ನ ಕಲಿಯಲೇಬೇಕಿತ್ತು.

ಇಸ್ರೋದವರು ಹೊತ್ತಿಸುವ ವ್ಯವಸ್ಥೆಯಲ್ಲಿ ಅನುಮಾನ ಇದ್ದ ಕಡೆಯೆಲ್ಲ ಬಿಗಿ ಮಾಡಿದರು. ಸುಮಾರು 16 ತಿಂಗಳು ಹಿಡಿಯಿತು. ನಡುವೆ ಒಂದು ಖುಷಿ: 1988ರ ಮಾರ್ಚ್ 17ಕ್ಕೆ ಬೆಂಗಳೂರಿನಲ್ಲಿ ಕಟ್ಟಿದ ಐಆರ್‌ಎಸ್-1ಎ ಉಪಗ್ರಹ ಬೈಕನೂರಿನಿಂದ ಸೋವಿಯತ್ ರಾಕೆಟ್ಟಿನಲ್ಲಿ ಹೋಗಿ ಕಕ್ಷೆ ಸೇರಿತು. ಉಪಗ್ರಹ ನಮ್ಮದು, ಗಾಡಿ ಬಾಡಿಗೆಯದು. ನಮ್ಮ ಗಾಡಿಯ ಸರದಿ ನಾಲ್ಕು ತಿಂಗಳ ನಂತರ ಬಂತು.

1988ರ ಜುಲೈ 13. ಈ ಸಲ ನಡುವಿನ ಮೋಟಾರಿಗೆ ಬೆಂಕಿ ಹತ್ತಿತು. ಆದರೆ ಅಷ್ಟರಲ್ಲಿ ಕೆಲಸ ಕೆಟ್ಟಿತ್ತು. ಎದ್ದು ಸುಮಾರು 50 ಸೆಕೆಂಡಿನ ಹೊತ್ತಿಗೆ ರಾಕೆಟ್ಟು ಹತೋಟಿ ತಪ್ಪಿ ಮುರಿದುಹೋಯಿತು.

ಏನಾಯ್ತು ಅಂತ ಸ್ವಲ್ಪ ಬಿಡಿಸಿ ನೋಡೋಣ, ಯಾಕಂದರೆ ಇಡೀ ಕತೆಯ ತಿರುಳು ಇಲ್ಲಿದೆ. ಚಿಕ್ಕವರಿದ್ದಾಗ ಅಂಗೈ ಮೇಲೆ ಕೋಲು ನಿಲ್ಲಿಸೋ ಆಟ ಆಡಿದ್ದೀರಲ್ಲ? ಕೋಲು ಬೀಳದೆ ನಿಲ್ಲೋದು ಕೈ ಅಲ್ಲಾಡುತ್ತಾ ಇರೋ ತನಕ ಮಾತ್ರ. ಕೈ ತೆಗೆದ ಕ್ಷಣ ವಾಲುತ್ತೆ. ರಾಕೆಟ್ಟಿಗೆ ಆ ಕೈ ಅಂದರೆ ಉರಿಯುತ್ತಿರುವ ಮೋಟಾರು. ಹೊರಬೀಳುವ ಬೆಂಕಿಯನ್ನ ಆ ಕಡೆ ಈ ಕಡೆ ಸ್ವಲ್ಪ ತಿರುಗಿಸಿ ಮೂತಿಯನ್ನ ನೇರ ಇಡ್ತಾರೆ. ಎಎಸ್‌ಎಲ್‌ವಿಯಲ್ಲಿ ಮೊದಲ ಮುಕ್ಕಾಲು ನಿಮಿಷ ಈ ಕೈ ಪಕ್ಕದ ಬೂಸ್ಟರುಗಳದ್ದು. ಆಮೇಲೆ ನಡುವಿನದರದ್ದು. ಒಂದು ಕೈ ಬಿಟ್ಟು ಇನ್ನೊಂದು ಕೈ ಹಿಡಿಯುವ ಹೊತ್ತಿನಲ್ಲಿ ಕೋಲು ಯಾರ ಕೈಯಲ್ಲೂ ಇಲ್ಲ.

ಅದೂ ಎಂಥ ಜಾಗದಲ್ಲಿ? ವೇಗ ಏರಿರುತ್ತೆ, ಗಾಳಿ ಇನ್ನೂ ತೆಳುವಾಗಿರಲ್ಲ. ಇಡೀ ಹಾರಾಟದಲ್ಲಿ ಗಾಳಿಯ ಹೊಡೆತ ಹೆಚ್ಚಿರೋ ಹೊತ್ತು. ಹೆದ್ದಾರಿಯಲ್ಲಿ ನೂರರಲ್ಲಿ ಹೋಗ್ತಾ ಸ್ಟೇರಿಂಗ್ ಬಿಟ್ಟು ಡ್ರೈವರ್ ಸೀಟು ಬದಲಾಯಿಸಿದ ಹಾಗೆ.

ಸರಿ, ಬೂಸ್ಟರ್ ಮುಗಿದ ತಕ್ಷಣ ನಡುವಿನದು ಹೊತ್ತುವ ಹಾಗೆ ಟೈಮರ್ ಇಟ್ಟರಾಯ್ತಲ್ಲ? ಇಟ್ಟಿದ್ದರು. ತೊಂದರೆ ಬಂದಿದ್ದೇ ಅಲ್ಲಿ. ಘನ ಇಂಧನ ಪಟಾಕಿಯ ಮದ್ದಿನ ಹಾಗೆ, ಒಮ್ಮೆ ಹತ್ತಿಕೊಂಡರೆ ತನ್ನ ಲೆಕ್ಕದಲ್ಲಿ ಉರಿಯುತ್ತೆ. ಅದರ ಬಿಸಿ ಸ್ವಲ್ಪ ಹೆಚ್ಚಿದ್ದರೆ ಬೇಗ ಉರಿಯುತ್ತೆ, ಕಡಿಮೆ ಇದ್ದರೆ ನಿಧಾನ. ಒಂದು ಮೋಟಾರಿನ ಹಾಗೆ ಇನ್ನೊಂದು ಇರಲ್ಲ. ಕಾಗದದ ಮೇಲೆ ಇಷ್ಟು ಸೆಕೆಂಡು ಅಂತ ಬರೆದಿದ್ದು ಆಕಾಶದಲ್ಲಿ ಅದಕ್ಕಿಂತ ಬೇಗ ಮುಗಿಯಿತು. ಗಡಿಯಾರ ಮಾತ್ರ ತನ್ನ ಪಾಡಿಗೆ ಎಣಿಸುತ್ತಿತ್ತು. ಆ ಖಾಲಿ ಕ್ಷಣದಲ್ಲಿ ರಾಕೆಟ್ಟು ವಾಲಿತು, ಗಾಳಿ ಹೊಡೆಯಿತು.

ನಮ್ಮ ಶಾಲೆಯ ವ್ಯಾಕರಣದಲ್ಲಿ ಲೋಪ, ಆಗಮ, ಆದೇಶ ಅಂತ ಸಂಧಿಗಳಿದ್ದವಲ್ಲ. ಎಎಸ್‌ಎಲ್‌ವಿಯದು ಶುದ್ಧ ಲೋಪಸಂಧಿ. ಎರಡು ಪದವೂ ಸರಿ ಇದ್ದವು, ಸೇರೋ ಜಾಗದಲ್ಲಿ ಹೋಯಿತು.

ಇದನ್ನ ಮೊದಲ ಸಲ ಓದಿದಾಗ ನನಗೆ ಹೊಟ್ಟೆಯಲ್ಲಿ ಕಸಿವಿಸಿ ಆಯಿತು. ಯಾಕೆ ಅಂತ ಹೇಳಿಬಿಡ್ತೀನಿ, ವಿಡಿಯೊದಲ್ಲೂ ಹೇಳಿದ್ದೆ. ತುಂಬ ವರ್ಷದ ಹಿಂದೆ, ನಾನಾಗ ಇದ್ದ ಕಂಪನಿಯಲ್ಲಿ ಒಂದು ಶನಿವಾರ ರಾತ್ರಿ ಹಳೇ ಸಿಸ್ಟಂನಿಂದ ಹೊಸದಕ್ಕೆ ಬದಲಾಯಿಸೋ ಕೆಲಸ. ಹಳೇದು ತನ್ನ ಲೆಕ್ಕ ಮುಗಿಸಿದ ಮೇಲೆ ಹೊಸದು ಶುರುವಾಗಬೇಕು. ನಾನು ಸ್ಕ್ರಿಪ್ಟಿನಲ್ಲಿ 300 ಸೆಕೆಂಡು ಕಾಯು ಅಂತ ಒಂದು ಸಾಲು ಬರೆದಿದ್ದೆ. ಮೂರು ಸಲ ಟೆಸ್ಟ್ ಮಾಡಿದಾಗ ಇನ್ನೂರು ಸೆಕೆಂಡಿಗೇ ಮುಗಿದಿತ್ತು. ಆ ರಾತ್ರಿ ಮುಗಿಯಲಿಲ್ಲ. ಹಳೇದು ಇನ್ನೂ ಬರೆಯುತ್ತಿರುವಾಗಲೇ ಹೊಸದು ಎದ್ದಿತು. ಭಾನುವಾರ ಸಂಜೆಯವರೆಗೆ ಹನ್ನೊಂದು ಜನ ಕೂತು ಡೇಟಾ ಸರಿ ಮಾಡಿದರು. ಅದರಲ್ಲಿ ಒಬ್ಬರ ಮನೆಯಲ್ಲಿ ಅವತ್ತು ನಾಮಕರಣ ಇತ್ತು.

ಸೋಮವಾರದ ಮೀಟಿಂಗಿನಲ್ಲಿ ಕಾರಣ ಬರೆಯುವ ಕಾಲಂ ಬಂತು. ನಾನು 'ನೆಟ್‌ವರ್ಕ್ ನಿಧಾನ' ಅಂತ ಬರೆದೆ. ಪೂರ್ತಿ ಸುಳ್ಳಲ್ಲ, ನೆಟ್‌ವರ್ಕ್ ನಿಧಾನ ಇತ್ತು. ಆದರೆ ಆ ಸಾಲು ನನ್ನದು. ನೆಟ್‌ವರ್ಕ್ ಟೀಮಿನ ಒಬ್ಬ ಹುಡುಗ ಎರಡು ವಾರ ಇಲ್ಲದ ದೋಷ ಹುಡುಕಿದ. ಆ ಸಾಲನ್ನ ಆಮೇಲೆ ಯಾರಿಗೂ ಹೇಳದೆ ತಿದ್ದಿದೆ. ಇಲ್ಲಿ ಹೇಳ್ತಿರೋದು ದೊಡ್ಡತನಕ್ಕಲ್ಲ. ಮುಂದಿನ ಭಾಗ ನನಗೆ ಯಾಕೆ ಮುಖ್ಯ ಅನ್ನೋದು ನಿಮಗೆ ಗೊತ್ತಾಗಲಿ ಅಂತ.

ಎರಡು ರಾಕೆಟ್ಟು ಸಮುದ್ರಕ್ಕೆ ಹೋದ ಮೇಲೆ ರಾವ್ ಅವರ ಇಸ್ರೋ ತಕ್ಷಣ ಮೂರನೇದನ್ನ ಹಾರಿಸಲಿಲ್ಲ. 3 ವರ್ಷ 10 ತಿಂಗಳು ನಿಂತಿತು. ಆಟದಲ್ಲಿ ಹಾಗಲ್ಲ. ರಾಕೆಟ್ ಬಿದ್ದರೆ 'ರಿವರ್ಟ್' ಒತ್ತಿದರೆ ಮತ್ತೆ ಉಡಾವಣಾ ವೇದಿಕೆಯ ಮೇಲೆ ಹೊಸದಾಗಿ ನಿಂತಿರುತ್ತೆ. ನನ್ನ ಮಗಳು ಒಂದು ಮಧ್ಯಾಹ್ನದಲ್ಲಿ ಹದಿನೇಳು ಸಲ ರಿವರ್ಟ್ ಮಾಡಿದಳು. ಹದಿನೇಳು ಸಲವೂ ಒಂದೇ ತರ ಬಿತ್ತು, ಏಕೆಂದರೆ ಪ್ರತಿ ಸಲವೂ ಅವಳು ಬದಲಾಯಿಸುತ್ತಿದ್ದದ್ದು ಒಂದೇ, ಬೆರಳು ಒತ್ತುವ ಸೆಕೆಂಡು. ಇಸ್ರೋದವರ ಹತ್ತಿರ ಇದ್ದದ್ದು ಮುರಿದ ರಾಕೆಟ್ಟಿನಿಂದ ಕೊನೆಯ ಕ್ಷಣದವರೆಗೆ ಬಂದ ಟೆಲಿಮೆಟ್ರಿ ಮಾತ್ರ. ನಮ್ಮ ಭಾಷೆಯಲ್ಲಿ ಲಾಗ್ ಫೈಲು. ವಸ್ತು ಸಮುದ್ರದ ತಳದಲ್ಲಿ, ಕೈಯಲ್ಲಿ ಬರೀ ಗೆರೆಗಳು.

ಆ ಗೆರೆಗಳನ್ನ ಓದಿ ಅವರು ಕಂಡುಕೊಂಡ ಪರಿಹಾರ ನೋಡಿ. ಮೊದಲನೇದು, ರಾಕೆಟ್ಟಿನ ಬುಡಕ್ಕೆ ರೆಕ್ಕೆಗಳು ಬಂದವು. ಬಾಣದ ಹಿಂದಿನ ಗರಿಗಳ ಹಾಗೆ. ಯಾರ ಕೈಯೂ ಇಲ್ಲದ ಕ್ಷಣದಲ್ಲೂ ಗಾಳಿಯೇ ಅದನ್ನ ನೇರ ಹಿಡಿಯಲಿ ಅಂತ. ಎರಡನೇದು ನನಗೆ ಬಹಳ ಇಷ್ಟವಾದದ್ದು: ಗಡಿಯಾರವನ್ನ ನಂಬೋದು ಬಿಟ್ಟರು. ಪಕ್ಕದ ಬೂಸ್ಟರುಗಳ ನೂಕುಬಲ ಇಳಿಯುತ್ತಿದೆ ಅನ್ನೋದನ್ನ ರಾಕೆಟ್ಟೇ ಹಾರುತ್ತಾ ಹಾರುತ್ತಾ ಗ್ರಹಿಸಬೇಕು, ಗ್ರಹಿಸಿ ತಾನೇ ನಡುವಿನದನ್ನ ಹೊತ್ತಿಸಬೇಕು. ಟೈಮರ್ ಹೋಯ್ತು, ಈವೆಂಟ್ ಬಂತು. ನಮ್ಮಲ್ಲಿ ಎಷ್ಟು ಜನ ಇವತ್ತಿಗೂ 'ಇಷ್ಟು ಸೆಕೆಂಡು ಕಾಯು' ಅಂತ ಬರೆದು ಪ್ರೊಡಕ್ಷನ್ನಿಗೆ ಬಿಡ್ತೀವಿ, ಸ್ವಲ್ಪ ಎದೆ ಮುಟ್ಟಿ ಹೇಳಿ.

1992ರ ಮೇ 20ಕ್ಕೆ ಮೂರನೇ ಎಎಸ್‌ಎಲ್‌ವಿ ಎದ್ದಿತು. ಬೂಸ್ಟರು ಮುಗಿಯಿತು, ನಡುವಿನದು ಹೊತ್ತಿತು, ರಾಕೆಟ್ಟು ನೇರವಾಗಿ ಮುಂದೆ ಹೋಯಿತು. 106 ಕಿಲೋದ ಸ್ರಾಸ್-ಸಿ ಉಪಗ್ರಹ ಅಂದುಕೊಂಡದ್ದಕ್ಕಿಂತ ಕೆಳಗಿನ ಕಕ್ಷೆಗೆ ಸೇರಿ ಎರಡು ತಿಂಗಳಷ್ಟೇ ಬಾಳಿತು. ಅರ್ಧ ಗೆಲುವು ಅಂತಲೇ ಅನ್ನಿ. ಆದರೆ ಆ ಸಂದು ದಾಟಿತ್ತು.

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಮುಗಿಯಲಿಲ್ಲ. ಇಂದು ನಮಗೆಲ್ಲ ಪಿಎಸ್‌ಎಲ್‌ವಿ ಅಂದ್ರೆ ನಂಬಿಕೆಯ ಎತ್ತು. ಅದರ ಮೊದಲ ಹಾರಾಟ 1993ರ ಸೆಪ್ಟೆಂಬರ್ 20ಕ್ಕೆ. ಮೊದಲ ಹಂತ ಸರಿ. ವಿಕಾಸ್ ಇಂಜಿನ್ನಿನ ಎರಡನೇ ಹಂತ ಸರಿ. ಎರಡನೇದು ಕಳಚಿ ಮೂರನೇದು ಹೊತ್ತಬೇಕಾದ ಸಂದಿನಲ್ಲಿ ಮತ್ತೆ ಎಡವಟ್ಟು. ಖಾಲಿಯಾದ ಎರಡನೇ ಹಂತವನ್ನ ಹಿಂದಕ್ಕೆ ಎಳೆಯೋಕೆ ಅದಕ್ಕೆ ಪುಟ್ಟ ರೆಟ್ರೋ ರಾಕೆಟ್ಟುಗಳನ್ನ ಕಟ್ಟಿರ್ತಾರೆ. ಅವುಗಳ ಕೆಲಸ ಕೆಟ್ಟಿತು. ಕಳಚಿದ ಹಂತ ದೂರ ಸರಿಯದೆ ಮೇಲಿನದಕ್ಕೆ ತಾಗಿ, ರಾಕೆಟ್ಟು ಜೋರಾಗಿ ಅಲುಗಿತು. ಕರ್ಬಲ್ ಆಟದಲ್ಲಿ ಸೆಪ್ರಟ್ರಾನ್ ಅಂತ ಚಿಕ್ಕ ಮೋಟಾರಿದೆ, ಆಡುವವರಿಗೆ ಗೊತ್ತು. ಅದನ್ನ ಹಾಕೋದು ಮರೆತರೆ ಕಳಚಿದ ಬೂಸ್ಟರು ವಾಪಸ್ ಬಂದು ನಿಮ್ಮ ಟ್ಯಾಂಕಿಗೇ ಗುದ್ದುತ್ತೆ. ಅದೇ ಇದು.

ಅಷ್ಟೇ ಆಗಿದ್ದರೆ ಕಂಪ್ಯೂಟರ್ ಸರಿಮಾಡಬಹುದಿತ್ತೇನೋ. ಮೂತಿ ತಿರುಗಿದ್ದನ್ನ ತಿದ್ದಲು ಅದು ಲೆಕ್ಕ ಹಾಕಿತು. ಅಲುಗಾಟ ಎಷ್ಟು ದೊಡ್ಡದಿತ್ತು ಅಂದರೆ ಲೆಕ್ಕದ ಸಂಖ್ಯೆ ಸಾಫ್ಟ್‌ವೇರಿನಲ್ಲಿ ಅದಕ್ಕೆ ಕೊಟ್ಟಿದ್ದ ಮಿತಿಯನ್ನ ಮೀರಿತು. ಓವರ್‌ಫ್ಲೋ. ಹೌದು, ಅದೇ ಓವರ್‌ಫ್ಲೋ, ನಮ್ಮ ಇಂಟರ್ವ್ಯೂಗಳಲ್ಲಿ ಕೇಳೋದು. ಯುರೋಪಿನ ಏರಿಯಾನ್-5 ರಾಕೆಟ್ಟು 1996ರ ಜೂನ್ 4ಕ್ಕೆ 64 ಬಿಟ್ ಸಂಖ್ಯೆಯನ್ನ 16 ಬಿಟ್‌ಗೆ ತುರುಕಲು ಹೋಗಿ ಹೋದದ್ದನ್ನ ಎಲ್ಲ ಕಾಲೇಜಿನಲ್ಲೂ ಪಾಠ ಮಾಡ್ತಾರೆ. ಚೆನ್ನೈನಿಂದ ನೂರು ಕಿಲೋಮೀಟರ್ ಆಚೆ, ಅದಕ್ಕಿಂತ ಎರಡೂಮುಕ್ಕಾಲು ವರ್ಷ ಮುಂಚೆ, ನಮ್ಮದೇ ರಾಕೆಟ್ಟಿನಲ್ಲಿ ಓವರ್‌ಫ್ಲೋ ಆದದ್ದನ್ನ ನಮ್ಮ ಕಾಲೇಜುಗಳಲ್ಲೇ ಹೇಳಲ್ಲ. ಇದು ನನ್ನ ದೂರು.

ಈ ಎರಡನೇ ತಪ್ಪನ್ನ ಟೆಸ್ಟಿನಲ್ಲಿ ಹಿಡಿಯೋದು ಯಾಕೆ ಕಷ್ಟ ಅಂತಲೂ ಯೋಚಿಸಿ. ಎಲ್ಲ ಸರಿಯಿದ್ದಾಗ ಆ ಸಂಖ್ಯೆ ಅಷ್ಟು ದೊಡ್ಡದಾಗೋದೇ ಇಲ್ಲ. ರೆಟ್ರೋ ಸರಿಯಾಗಿ ಉರಿದಿದ್ದರೆ ಸಾಫ್ಟ್‌ವೇರಿನ ದೋಷ ಇನ್ನೆಷ್ಟು ಹಾರಾಟ ಒಳಗೇ ಮಲಗಿರುತ್ತಿತ್ತೋ. ಐಆರ್‌ಎಸ್-1ಇ ಉಪಗ್ರಹ ಕಕ್ಷೆ ಸೇರದೆ ಸಮುದ್ರಕ್ಕೆ ಹೋಯಿತು. ಆ ಬೆಲೆಗೆ ಎರಡೂ ದೋಷ ಒಟ್ಟಿಗೆ ಹೊರಬಂದವು.

ಈಗ ರಾವ್ ಅವರ ಲೆಕ್ಕ ನೋಡಿ. ಅವರ ಅವಧಿಯಲ್ಲಿ ನಮ್ಮ ನೆಲದಿಂದ ಉಪಗ್ರಹ ಹೊತ್ತು ಎದ್ದ ಉಡಾವಣೆಗಳು ನಾಲ್ಕು: ಬಿತ್ತು, ಬಿತ್ತು, ಅರ್ಧ, ಬಿತ್ತು. 1994ರ ಮಾರ್ಚ್ ಕೊನೆಗೆ ಅವರು ನಿವೃತ್ತರಾದರು. ಮೇ 4ಕ್ಕೆ ನಾಲ್ಕನೇ ಎಎಸ್‌ಎಲ್‌ವಿ ಪೂರ್ತಿ ಗೆದ್ದಿತು. ಅಕ್ಟೋಬರ್ 15ಕ್ಕೆ ಎರಡನೇ ಪಿಎಸ್‌ಎಲ್‌ವಿ ಐಆರ್‌ಎಸ್-ಪಿ2 ಉಪಗ್ರಹವನ್ನ ಕಕ್ಷೆಗೆ ಸೇರಿಸಿತು. ಆಗ ಅಧ್ಯಕ್ಷರ ಕುರ್ಚಿಯಲ್ಲಿ ಕಸ್ತೂರಿರಂಗನ್ ಇದ್ದರು. ಅಪ್ರೈಸಲ್ ಫಾರಂ ಇದ್ದಿದ್ದರೆ ರಾವ್ ಅವರಿಗೆ ಆ ಹತ್ತು ವರ್ಷಕ್ಕೆ ಏನು ರೇಟಿಂಗ್ ಬೀಳುತ್ತಿತ್ತು ಅಂತ ನಾನು ಆಗಾಗ ಯೋಚಿಸ್ತೀನಿ. ಆ ಎರಡು ಗೆಲುವಿನ ರಾಕೆಟ್ಟುಗಳಲ್ಲಿ ಇದ್ದದ್ದು ಅವರ ಕಾಲದಲ್ಲಿ ಬಿದ್ದವುಗಳಿಂದ ತಿದ್ದಿದ ಸಂದುಗಳೇ.

ಇದೇನು ನಮ್ಮೊಬ್ಬರದೇ ಹಣೆಬರಹ ಅಲ್ಲ. 2008ರ ಆಗಸ್ಟಿನಲ್ಲಿ ಸ್ಪೇಸ್‌ಎಕ್ಸ್‌ನ ಮೂರನೇ ಫಾಲ್ಕನ್-1 ಬಿದ್ದದ್ದೂ ಸಂದಿನಲ್ಲೇ. ಅಲ್ಲಿ ತಿರುಗಾಮುರುಗಾ. ಮೊದಲ ಹಂತದ ಇಂಜಿನ್ ಆಫ್ ಆದ ಮೇಲೂ ಒಳಗೆ ಸ್ವಲ್ಪ ನೂಕುಬಲ ಉಳಿದಿತ್ತು. ಬೇಗ ಕಳಚಿದ್ದರಿಂದ ಕೆಳಗಿನದು ಮೇಲಿನದನ್ನ ಹಿಂದಿನಿಂದ ಬಂದು ಗುದ್ದಿತು. ಎಎಸ್‌ಎಲ್‌ವಿಯಲ್ಲಿ ಸಂದು ಅಗಲವಾಯಿತು, ಇಲ್ಲಿ ಇಕ್ಕಟ್ಟಾಯಿತು. ಅವರು ಕಳಚುವ ಮುಂಚಿನ ಕಾಯುವ ಸಮಯವನ್ನ ಹೆಚ್ಚಿಸಿ ಎರಡೇ ತಿಂಗಳಿನಲ್ಲಿ, ಸೆಪ್ಟೆಂಬರ್ 28ಕ್ಕೆ, ಮುಂದಿನದನ್ನ ಹಾರಿಸಿ ಗೆದ್ದರು. ನಮ್ಮಲ್ಲಿ 2010ರ ಕ್ರಿಸ್‌ಮಸ್ ದಿನ ಜಿಎಸ್‌ಎಲ್‌ವಿ ಬಿದ್ದಾಗಲೂ ಇಂಜಿನ್ನಿನ ತಪ್ಪಿರಲಿಲ್ಲ. ಹಂತ ಕಳಚುವಾಗ ಮಾತ್ರ ಬಿಚ್ಚಿಕೊಳ್ಳಬೇಕಾದ ಕನೆಕ್ಟರುಗಳು ಒಂದು ನಿಮಿಷ ತುಂಬುವ ಮುಂಚೆಯೇ ಬಿಚ್ಚಿಕೊಂಡವು. ಮೇಲಿನ ಕಂಪ್ಯೂಟರಿನ ಮಾತು ಕೆಳಗಿನ ಬೂಸ್ಟರಿಗೆ ತಲುಪಲಿಲ್ಲ. ಒಂದು ಪ್ಲಗ್ಗು, ಅಷ್ಟೇ.

ವಾಪಸ್ ಮನೆಗೆ ಬರೋಣ. ಮಗಳಿಗೆ ಈ ಕತೆ ಪೂರ್ತಿ ಹೇಳಿದೆ, ನನ್ನ 300 ಸೆಕೆಂಡಿನ ಸಾಲನ್ನೂ ಸೇರಿಸಿ. ಅವಳು ರಾಕೆಟ್ಟಿನ ಬುಡಕ್ಕೆ ನಾಲ್ಕು ರೆಕ್ಕೆ ಹಚ್ಚಿದಳು. ಸ್ಟಾಪ್‌ವಾಚ್ ಬದಿಗಿಟ್ಟಳು. ಬೂಸ್ಟರಿನ ಇಂಧನದ ಪಟ್ಟಿ ಪರದೆಯ ಮೇಲೆ ಕಾಣುತ್ತಲ್ಲ, ಅದನ್ನ ನೋಡ್ತಾ ಕೂತಳು. ಪಟ್ಟಿ ಪೂರ್ತಿ ಖಾಲಿಯಾಗುವ ಮುಂಚೆಯೇ ನಡುವಿನ ಇಂಜಿನ್ ಹೊತ್ತುವ ಹಾಗೆ ಹಂತಗಳನ್ನ ಅದಲುಬದಲು ಮಾಡಿದಳು. ಹದಿನೆಂಟನೇದು ಹೋಯಿತು. ಕಕ್ಷೆಗೆ ಅಲ್ಲ, ಅದಕ್ಕೆ ಇನ್ನೂ ಒಂದು ವಾರ ಬೇಕಾಯಿತು. ಆದರೆ ಸಂದು ದಾಟಿ ಹೋಯಿತು.

"ನೆಟ್‌ವರ್ಕ್ ಅಂಕಲ್‌ಗೆ ಸಾರಿ ಹೇಳಿದ್ಯಾ?" ಅಂತ ಕೇಳಿದಳು. ಇಲ್ಲ ಅಂದೆ. ಆಮೇಲೆ ಹುಡುಕಿ ಒಂದು ಮೆಸೇಜ್ ಹಾಕಿದೆ. ಅವನು ಈಗ ಹೈದರಾಬಾದಿನಲ್ಲಿದ್ದಾನೆ. ನಗುವ ಒಂದು ಇಮೋಜಿ ಕಳಿಸಿ, 'ಸಾರ್, ನನಗೆ ಆಗಲೇ ಅನುಮಾನ ಇತ್ತು' ಅಂದ.

ಆ ವರ್ಷವೇ, 2023ರ ಸೆಪ್ಟೆಂಬರ್ 2, ಶನಿವಾರ. ಆದಿತ್ಯ-ಎಲ್1 ಹೊತ್ತ ಪಿಎಸ್‌ಎಲ್‌ವಿ ನೋಡಲು ನಾವಿಬ್ಬರೂ ಬೆಳಗ್ಗೆ ಸೆಂಟ್ರಲ್‌ನಿಂದ ಸೂಳೂರುಪೇಟೆಗೆ ರೈಲು ಹತ್ತಿದೆವು. ಸೂರ್ಯನನ್ನ ನೋಡಲು ಹೊರಟಿದ್ದ ಆ ನೌಕೆಯನ್ನ ಜೋಡಿಸಿದ್ದು ಬೆಂಗಳೂರಿನ ಯು. ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ. ಪುಲಿಕಾಟ್ ಸರೋವರದ ನಡುವಿನ ರಸ್ತೆ ದಾಟಿ ವೀಕ್ಷಣಾ ಗ್ಯಾಲರಿಗೆ ಹೋಗಿ ಕೂತಾಗ ಹತ್ತು ಗಂಟೆ ಬಿಸಿಲು. ಪಕ್ಕದಲ್ಲಿ ಒಬ್ಬ ಅಜ್ಜಿ ಮೊಮ್ಮಕ್ಕಳಿಗೆ ಪುಳಿಯೋಗರೆ ಹಂಚುತ್ತಿದ್ದರು, ನಮಗೂ ಕೊಟ್ಟರು.

11.50ಕ್ಕೆ ಎದ್ದಿತು. ಬೆಳಕು ಮೊದಲು ಬಂತು, ಸದ್ದು ಆಮೇಲೆ ಎದೆಗೆ ಬಡಿಯಿತು. ಎಲ್ಲರೂ ಕಿರುಚುತ್ತಿದ್ದರು. ಮಗಳು ಕಿರುಚಲಿಲ್ಲ, ಎಣಿಸುತ್ತಿದ್ದಳು. ನೆಲದಲ್ಲಿ ಹೊತ್ತಿದ ಬೂಸ್ಟರು ನಾಲ್ಕು. 25 ಸೆಕೆಂಡಿಗೆ, "ಈಗ ಇನ್ನೆರಡು, ಗಾಳಿಯಲ್ಲಿ" ಅಂದಳು. ಆ ಆರೂ ಬೂಸ್ಟರುಗಳು ಎಸ್‌ಎಲ್‌ವಿಯ ಅದೇ ಹಳೇ ಮೋಟಾರಿನ ವಂಶದವು, ಸ್ವಲ್ಪ ಉದ್ದ ಬೆಳೆದಿವೆ ಅಷ್ಟೇ. 1987ರಲ್ಲಿ ಗಾಳಿಯಲ್ಲಿ ಹೊತ್ತಲಾರದೆ ಹೋದ ಮನೆತನ.

ರಾಕೆಟ್ಟು ಕಣ್ಣಿಗೆ ಮರೆಯಾದ ಮೇಲೂ ಅವಳು ಕೂತೇ ಇದ್ದಳು. ಆದಿತ್ಯ ಬೇರ್ಪಡುವುದಕ್ಕೆ ಒಂದು ಗಂಟೆಗೂ ಹೆಚ್ಚು ಸಮಯ ಇತ್ತು. ಜನ ಎದ್ದು ಬಸ್ಸಿನ ಕಡೆ ಹೊರಟರು. ನಾನೂ ಎದ್ದೆ.

"ಅಪ್ಪಾ, ಎರಡನೇದು ಕಳಚಿ ಮೂರನೇದು ಹೊತ್ತೋಕೆ ಎಷ್ಟು ಗ್ಯಾಪು?"

"ಸುಮಾರು ಒಂದೂಕಾಲು ಸೆಕೆಂಡು."

"ಆಯ್ತಾ ಅದು?"

ಫೋನಿನಲ್ಲಿ ನೇರಪ್ರಸಾರ ತೆಗೆದೆ. ಸಿಗ್ನಲ್ ಒಂದೇ ಕಡ್ಡಿ, ಚಿತ್ರ ನಿಂತು ನಿಂತು ಬರುತ್ತಿತ್ತು. ಮೂರನೇ ಹಂತ ಸರಿಯಾಗಿ ಕೆಲಸ ಮಾಡುತ್ತಿದೆ ಅಂತ ಕಂಟ್ರೋಲ್ ರೂಮಿನ ದನಿ ಕೇಳಿಸಿತು. ಅವಳು ಎದ್ದು ಚಪ್ಪಲಿ ಹಾಕಿಕೊಂಡಳು.